ಸ್ಪೀಕರಿನಲ್ಲಿ ಕೇಳಿದ ಏಟು

ಅಪ್ಪ ಪಿಟೀಲು ಪಾಠಗಳನ್ನು ಟೇಪ್ ಮಾಡಿಡುತ್ತಿದ್ದರು, ಶಿಷ್ಯರು ಮನೆಯಲ್ಲಿ ಹಾಕಿಕೊಂಡು ಸಾಧನೆ ಮಾಡಲಿ ಎಂದು. ಚಾಮರಾಜಪೇಟೆಯ ನಮ್ಮ ನಡುಮನೆಯ ಕಪಾಟಿನಲ್ಲಿ ಅಂಥ ಕ್ಯಾಸೆಟ್ಟುಗಳು ಸಾಲಾಗಿದ್ದವು. ಒಂದರಲ್ಲಿ ನಾನಿದ್ದೆ, ಒಂಬತ್ತು ವರ್ಷದವಳು. ಒಂದೇ ಜಾಗದಲ್ಲಿ ಎರಡು ಸಲ ತಾಳ ತಪ್ಪಿದ್ದಕ್ಕೆ ಅಪ್ಪ ಕಪಾಳಕ್ಕೆ ಹೊಡೆದರು. ಏಟಿನ ಸದ್ದು, ನಾನು ಉಸಿರೆಳೆದುಕೊಂಡದ್ದು, ಹಿಂದೆಯೇ ಅಪ್ಪನ ‘ಮತ್ತೆ’. ಟೇಪು ಓಡುತ್ತಲೇ ಇತ್ತು.

ಅಂದಿನಿಂದ ನನ್ನ ಎಡಗಿವಿ ಮಂದ. ಮನೆಯಾಚೆ ಯಾರಿಗೂ ಹೇಳಿರಲಿಲ್ಲ. ಕ್ಲಾಸಿನಲ್ಲಿ, ಬಸ್ಸಿನಲ್ಲಿ, ಎಲ್ಲರೂ ನನ್ನ ಬಲಕ್ಕೆ ಬರುವ ಹಾಗೆ ಕೂರುವುದನ್ನು ಕಲಿತಿದ್ದೆ.

ನಾನು ಎಂ.ಎಸ್ಸಿ. ಓದುತ್ತಿದ್ದಾಗ ಬಸವನಗುಡಿಯಲ್ಲಿ ಅಪ್ಪನ ವಾದ್ಯವೃಂದದ ಕಛೇರಿ ನಡೆಯಿತು. ಮೊದಲರ್ಧ ಕೃತಿಗಳು. ಉಳಿದರ್ಧ ಅಣ್ಣನದು: ಅದೇ ಹನ್ನೆರಡು ಪಿಟೀಲು, ಎರಡು ವೀಣೆ, ಮೃದಂಗ, ಜೊತೆಗೆ ಅವನ ಕೀಬೋರ್ಡು, ಕಂಪ್ಯೂಟರು.

ಅಣ್ಣನ ಸರದಿ ಶುರುವಾದಾಗ ಮೊದಲು ಸ್ಪೀಕರುಗಳು ಸಭೆಯಲ್ಲಿ ಕೂತಿದ್ದ ನನ್ನ ಎದೆಗೆ ಗುದ್ದಿದವು. ಆಮೇಲೆ ಏಟು ಬಿತ್ತು. ಎಳೆದ ಉಸಿರು. ‘ಮತ್ತೆ.’ ಅಣ್ಣ ಆ ಕ್ಯಾಸೆಟ್ಟಿನಿಂದ ನನ್ನನ್ನು ಕತ್ತರಿಸಿ ತೆಗೆದು ತಾಳ ಮಾಡಿದ್ದ. ಏಟು, ಉಸಿರು, ಮತ್ತೆ. ಏಟು, ಉಸಿರು, ಮತ್ತೆ.

ಮುಂದಿನ ಸಾಲಿನ ಹಿರಿಯರೆಲ್ಲ ಅಭ್ಯಾಸದಂತೆ ತೊಡೆ ತಟ್ಟಿ ತಾಳ ಹಾಕತೊಡಗಿದರು. ನನ್ನ ಕಪಾಳಕ್ಕೆ ಬಿದ್ದ ಒಂದೊಂದು ಏಟಿಗೂ ಹತ್ತಿಪ್ಪತ್ತು ಕೈಗಳು ಕೂಡಿಕೊಂಡವು.

“ಏನು ಬಿಗಿ ನೋಡಮ್ಮ!” ಎಂದರು ಪಕ್ಕದ ಯಜಮಾನರು. “ಮಿಷಿನ್ನಾದ್ರೂ ಲಯ ಬಿಡಲ್ಲ.”

ವೇದಿಕೆಯ ಮೇಲೆ ಅಪ್ಪನ ಕಮಾನು ನಿಂತಿತು. ಅವರು ಅಣ್ಣನನ್ನು ನೋಡಿದರು, ಆಮೇಲೆ ಕತ್ತಲಲ್ಲಿ ನನ್ನನ್ನು ಹುಡುಕಿದರು. ಮತ್ತೆ ಕಮಾನು ಎತ್ತಿ ತಂತಿಯನ್ನು ಗರಗಸದಂತೆ ಕೊಯ್ದರು. ತಂತಿ ಹರಿದು ಅವರ ಕಣ್ಣಿನ ಕೆಳಗೆ ಬಡಿಯಿತು. ರಕ್ತ ಶಲ್ಯಕ್ಕಿಳಿದರೂ ನಿಲ್ಲಿಸಲಿಲ್ಲ. ಆವೇಶವೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು.

ಮುಗಿದ ಮೇಲೆ ವೇದಿಕೆಯ ಹಿಂದೆ ಅಣ್ಣ ವೈರು ಸುತ್ತುತ್ತಿದ್ದ.

“ಹೆಂಗಿತ್ತು ಹೇಳೇ? ಅಪ್ಪಂಗೆ ಇವತ್ತು ಅವರ ಕೈ ಅವರಿಗೇ ಕೇಳಿಸ್ತು. ನಿನಗೋಸ್ಕರಾನೇ ಮಾಡಿದ್ದು ಕಣೇ.”

“ನನ್ನನ್ನ ಕೇಳ್ದ್ಯಾ?”

“ಕೇಳಿದ್ರೆ ಬೇಡ ಅಂತಿದ್ದೆ.”

“ಹೌದು,” ಎಂದು ಹೊಡೆದೆ. ನಾನು ಯಾರನ್ನೂ ಹೊಡೆದವಳಲ್ಲ. ಅವನ ಕನ್ನಡಕ ಹಾರಿತು, ತುಟಿ ಒಡೆಯಿತು.

ಅವನು ಹಲ್ಲಿನ ರಕ್ತ ನೆಕ್ಕಿ ನಕ್ಕ. “ಥೂ, ಇದನ್ನೂ ರೆಕಾರ್ಡ್ ಮಾಡ್ಕೋಬೇಕಿತ್ತು!”

ಅದೇ ಜಾಗಕ್ಕೆ ಇನ್ನೊಂದು ಕೊಟ್ಟೆ. ಮೂರನೆಯದಕ್ಕೆ ಎತ್ತಿದ ಕೈಯನ್ನು ಯಾರೋ ಹಿಡಿದರು. ಅಪ್ಪ, ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು.

“ಸಾಕು,” ಎಂದರು.

ಕೈ ಕಿತ್ತುಕೊಂಡೆ. “ಅವತ್ತು ಅನ್ಬೇಕಿತ್ತಪ್ಪ. ನನಗೆ ಈ ಕಿವಿ ಕೇಳಲ್ಲ.”

ನನ್ನ ದನಿ ಅಷ್ಟು ಜೋರಾಗಿದ್ದುದು ನನಗೆ ತಿಳಿದದ್ದು, ಮೃದಂಗಕ್ಕೆ ಚೀಲ ತೊಡಿಸುತ್ತಿದ್ದವರು, ಪಿಟೀಲಿನವರು, ಎಲ್ಲರ ಕೈಗಳೂ ನಿಂತಾಗ.