ಅತ್ತೆಯ ವಾಕಿಂಗ್

ಇವತ್ತು ಬೆಳಿಗ್ಗೆ ನಾನು ಕೆಟ್ಟ ಸೊಸೆ ಎನಿಸಿಕೊಂಡೆ, ಗೆಳೆಯರೇ.

ಅತ್ತೆಯ ಕಾಲಿನ ರಕ್ತನಾಳ ಕಟ್ಟಿಕೊಂಡಿದೆ. ನೋವು ಬಂದಾಗ ನಿಂತು, ಅದು ಇಳಿದ ಮೇಲೆ ಮತ್ತೆ ನಡೆಯಬೇಕು. ನಡಿಗೆ ಬಿಟ್ಟರೆ ಮುಂದೆ ನಡೆಯಲಿಕ್ಕೇ ಆಗದು ಎಂದಿದ್ದಾರೆ ಡಾಕ್ಟರು. ವೈದ್ಯನಾಥಪುರದ ರಸ್ತೆಯಲ್ಲಿ ಅತ್ತೆ ಹಾಗೆ ನಿಂತರು. ತಕ್ಷಣ ಪಕ್ಕದ ಮನೆಯ ಸಿದ್ದಣ್ಣನ ಬೈಕೂ ನಿಂತಿತು. ನಿಂತ ಹಿರಿಯರನ್ನು ಹತ್ತಿಸಿಕೊಳ್ಳದೆ ಹೋಗುವವರು ನಮ್ಮೂರಲ್ಲಿಲ್ಲ.

"ಅತ್ತವ್ವ, ಮನೆ ತಾವ ಬುಡ್ತೀನಿ."

"ಬೇಡಣ್ಣ, ಅವರು ನಡೀಬೇಕು," ಎಂದೆ.

"ಎಂಥ ಸೊಸೆ ಕಣಮ್ಮ ನೀನು! ಕಾಲ್ನೋವಲ್ಲೂ ನಡಸ್ತೀಯಲ್ಲ!"

ನನ್ನ ಪರ ಮಾತಾಡಬೇಕಾದ ಅತ್ತೆ ಅಷ್ಟರಲ್ಲಿ ಬೈಕ್ ಏರಿದ್ದರು. "ನೀನು ನಡ್ಕೊಂಡ್ ಬಾವ್ವ. ಇಬ್ರಲ್ಲಿ ಒಬ್ರಾದ್ರೂ ಡಾಕ್ಟ್ರ ಮಾತು ಕೇಳ್ಬೇಕು."

ಒಳ್ಳೆಯ ಜನರಿಂದ ಅತ್ತೆಯ ಕಾಲನ್ನು ಕಾಪಾಡುವುದು ಹೇಗೆಂದು ಯೋಚಿಸುತ್ತಾ, ನಾನೊಬ್ಬಳೇ ವಾಕಿಂಗ್ ಮುಗಿಸಿದೆ.