ಶಾಲೆಯ ಗೇಟಿಗೆ ಮಗ್ಗ ಕಟ್ಟಿದ ತೋಮಾಸಾ

ಗ್ವಾಟೆಮಾಲಾದ ಬೆಟ್ಟದೂರು ಪಚಾಲೀಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತೋಮಾಸಾ ಚೋನಾಯ್ ಶಾಲೆಯ ಗೇಟಿನ ಎರಡೂ ಬಾಗಿಲುಗಳ ಸರಳು ಸೇರಿಸಿ ತಮ್ಮ ಮಗ್ಗದ ಹಗ್ಗ ಬಿಗಿಯುತ್ತಾರೆ. ಮಗ್ಗದ ಇನ್ನೊಂದು ತುದಿಯ ಪಟ್ಟಿ ಅವರ ಸೊಂಟಕ್ಕೆ. ಮಂಡಿಯೂರಿ ಹಿಂದಕ್ಕೆ ವಾಲಿದರೆಂದರೆ ಹಾಸಿನ ನೂಲೆಲ್ಲ ಬಿಗಿಯಾಗುತ್ತದೆ. ಹೊಕ್ಕು ತೂರಿಸಿ ಹಲಗೆಯಿಂದ ಬಡಿಯುತ್ತಾರೆ, ಗೇಟು ಗಡಗಡ ಅನ್ನುತ್ತದೆ. ಪಕ್ಕದಲ್ಲಿ ಮೊಮ್ಮಗಳು ನಿಕ್ತೆ. ಬೆನ್ನಿಗೆ ಪುಸ್ತಕದ ಚೀಲ, ಮೈಮೇಲೆ ಅಜ್ಜಿ ನೇಯ್ದ ಕೆಂಪು ಅಂಗಿ, ವಿಪೀಲ್.

ಆ ವಿಪೀಲ್‌ಗಾಗಿಯೇ ಈ ರಂಪ. ಹೋದ ವಾರ ಇದೇ ಗೇಟಿನಿಂದ ನಿಕ್ತೆಯನ್ನು ಮನೆಗೆ ಅಟ್ಟಿದರು. ನೀಲಿ ಲಂಗ, ಬಿಳಿ ಶರ್ಟು ಇಲ್ಲದೆ ಬರಕೂಡದಂತೆ. ಮನೆಬಟ್ಟೆ ಇಲ್ಲಿ ನಡೆಯುವುದಿಲ್ಲವಂತೆ. ಮನೆಬಟ್ಟೆಯಂತೆ ಮನೆಬಟ್ಟೆ! ಪಚಾಲೀಯ ಹೆಂಗಸರು ಹುಟ್ಟಿನಿಂದ ಹೆಣವಾಗುವ ತನಕ ತೊಡುವುದು ಅದನ್ನೇ. ಎದೆಯ ಮೇಲಿನ ಜೋಳದ ತೆನೆ ನೋಡಿದರೆ ಸಾಕು, ಯಾವ ಊರಿನ ಮಗಳೆಂದು ಸಂತೆಯಲ್ಲೂ ಗೊತ್ತಾಗುತ್ತದೆ. ಅಟ್ಟಿದ ಮುಖ್ಯೋಪಾಧ್ಯಾಯ ಎವಾರಿಸ್ತೋ ಹೊರಗಿನವನೇನಲ್ಲ, ತೋಮಾಸಾರ ಸ್ವಂತ ಅಕ್ಕನ ಮಗ. ಅವನು ಓದಿದ್ದೇ ಅವನ ತಾಯಿ ನೇಯ್ದ ದುಡ್ಡಿನಲ್ಲಿ.

ಇಷ್ಟಕ್ಕೇ ಮುಗಿದಿದ್ದರೆ ತೋಮಾಸಾ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದರೇನೋ. ಆದರೆ ಮೊನ್ನೆ ಅದೇ ಎವಾರಿಸ್ತೋ ಹಲ್ಲು ಗಿಂಜುತ್ತ ಮನೆಗೆ ಬಂದ. ರಾಜಧಾನಿಯಿಂದ ಅತಿಥಿಗಳು ಬರುತ್ತಾರೆ, ಹುಡುಗಿಯರನ್ನು ನಮ್ಮ ಉಡುಗೆಯಲ್ಲಿ ಸಾಲಾಗಿ ನಿಲ್ಲಿಸಬೇಕು, ಚಿಕ್ಕಮ್ಮ ಒಂದಿಷ್ಟು ವಿಪೀಲ್ ಕೊಡಬೇಕು ಅಂದ. ಹೋದ ವರ್ಷ ಬಾಡಿಗೆ ಅಂಗಡಿಯಿಂದ ತರಿಸಿ ಮಾನ ಕಳೆದುಕೊಂಡಿದ್ದ. ನಮ್ಮ ಹುಡುಗಿಯರು ಆಚೆ ಕಣಿವೆಯವರ ಜೋಡಿಹಕ್ಕಿ ಚಿತ್ತಾರದ ವಿಪೀಲ್ ತೊಟ್ಟು ನಿಂತಿದ್ದರು. ಇವರೆಲ್ಲ ಯಾರ ಮನೆ ಮಕ್ಕಳು ಎಂದು ಊರಿನ ಅಜ್ಜಿಯರೇ ಕೇಳುವಂತಾಗಿತ್ತು.

"ನೆಂಟರು ಬಂದ್ರೆ ನಮ್ ಬಟ್ಟೆ ಚೆಂದ, ಅಕ್ಷರ ಕಲಿಯೋಕ್ ಬಂದ್ರೆ ಕೊಳಕಾ?" ತೋಮಾಸಾ ಕೇಳಿದ್ದರು. "ನಿಮ್ಮಮ್ಮ ಉಟ್ಟಿದ್ದನ್ನ ವೇಷ ಮಾಡ್ಬಿಟ್ಯಲ್ಲೋ." ಒಂದು ಲೋಟ ಕಾಫಿಯನ್ನೂ ಕೊಡದೆ ಎಬ್ಬಿಸಿ ಕಳಿಸಿದರು.

ಒಂದು ವಿಪೀಲ್‌ಗೆ ಮೂರು ತಿಂಗಳು ಹಿಡಿಯುತ್ತದೆ. ಅರವತ್ತು ದಾಟಿದ ತೋಮಾಸಾರಿಗೆ ಸೊಂಟ ಹಿಡಿದುಕೊಂಡಿದೆ, ಕಣ್ಣು ಮಂಜಾಗಿದೆ. ಇದುವರೆಗೆ ಬಂದ ಅತಿಥಿಗಳಲ್ಲಿ ಒಬ್ಬರಾದರೂ ನೇಯ್ದವರ ಹೆಸರು ಕೇಳಿದ್ದಿಲ್ಲ. ಫೋಟೊ ಮಾತ್ರ ಎಲ್ಲರಿಗೂ ಬೇಕು. ಥೂ, ನೆನೆಸಿಕೊಂಡರೆ ಮೈ ಉರಿಯುತ್ತದೆ.

ಗಂಟೆ ಹೊಡೆಯುವ ಹೊತ್ತಾಗಿದೆ. ಮಕ್ಕಳು, ಮೇಷ್ಟ್ರುಗಳು ಎಲ್ಲರೂ ಗೇಟಿನ ಹೊರಗೇ. ಬಿಚ್ಚು ಚಿಕ್ಕಮ್ಮ ಎಂದು ಎವಾರಿಸ್ತೋ ಮೊದಲು ಬೇಡುತ್ತಾನೆ, ಆಮೇಲೆ ಗದರುತ್ತಾನೆ. ಅವರು ಹಿಂದಕ್ಕೆ ವಾಲಿ ಕೂತಿರುವಷ್ಟು ಹೊತ್ತು ಆ ಗಂಟು ಯಾರ ಕೈಗೂ ಬಿಚ್ಚದು. ಪಟ್ಟಣದಿಂದ ಬಂದ ಮೇಷ್ಟ್ರೊಬ್ಬರು ಎವಾರಿಸ್ತೋ ಕೈಗೆ ಕತ್ತರಿ ಕೊಡುತ್ತಾರೆ. ಅವರಿಗೇನು ಗೊತ್ತು! ಪಚಾಲೀಯಲ್ಲಿ ಅರ್ಧ ನೇಯ್ದ ಮಗ್ಗಕ್ಕೆ ಕತ್ತರಿ ಹಾಕುವುದು ನೇಯುವವಳು ಸತ್ತಾಗ ಮಾತ್ರ. ಮಗನೇ ಹಗ್ಗ ಕತ್ತರಿಸಿ ಆ ಅರ್ಧ ಬಟ್ಟೆಯನ್ನು ಹೆಣದ ಜೊತೆ ಮಣ್ಣಿಗಿಡಬೇಕು. ಎರಡು ವರ್ಷದ ಹಿಂದೆ ಎವಾರಿಸ್ತೋ ತನ್ನ ತಾಯಿಗೆ ಅದನ್ನು ಮಾಡಿದ್ದಾನೆ.

"ಕತ್ತರಿಸೋ," ತೋಮಾಸಾ ತಲೆಯೆತ್ತದೆ ಹೇಳುತ್ತಾರೆ. "ಅಕ್ಕಂದು ಕತ್ತರಿಸಿದ ಕೈ ತಾನೇ? ನಾನಿನ್ನೂ ಉಸಿರಾಡ್ತಿದೀನಿ. ನೋಡ್ಕೊಂಡೇ ಕತ್ತರಿಸು."

ಎವಾರಿಸ್ತೋ ಕತ್ತರಿಯನ್ನು ಮೇಷ್ಟ್ರಿಗೆ ವಾಪಸ್ ಕೊಟ್ಟು, ಯಾರ ಮುಖವನ್ನೂ ನೋಡದೆ, ನಿಕ್ತೆ ಇವತ್ತಷ್ಟೇ ಅಲ್ಲ, ದಿನವೂ ಹೀಗೇ ಬರಲಿ ಅನ್ನುತ್ತಾನೆ. ಆಗ ತೋಮಾಸಾ ಮುಂದಕ್ಕೆ ಬಾಗುತ್ತಾರೆ. ಹಗ್ಗ ಸಡಿಲವಾಗುತ್ತದೆ. ಹುಡುಗಿ ಒಳಗೆ ಓಡುತ್ತಾಳೆ.

ತೋಮಾಸಾರ ಸಿಟ್ಟು ಇಳಿದಿಲ್ಲ. ಇನ್ನೇನು ಬೇಕು ಎಂದು ಕೇಳಿದರೆ ಮಗ್ಗ ಸುತ್ತುತ್ತಲೇ ಹೇಳುತ್ತಾರೆ: "ಲೆಕ್ಕ ತಪ್ಪಿದ್ರೆ ಕಿವಿ ಹಿಂಡ್ಲಿ, ಬೆಂಚಿನ್ ಮೇಲೆ ನಿಲ್ಲಿಸ್ಲಿ, ನಾನು ಈ ಕಡೆ ತಲೆ ಹಾಕಲ್ಲ. ನನ್ ಮೊಮ್ಮಗಳು ಎಲ್ಲಾ ಮಕ್ಕಳ ಥರ, ಓದ್ಲಿಲ್ಲ ಅಂತ ಬೈಸ್ಕೊಂಡು ಮನೆಗ್ ಬರ್ಬೇಕು. ಅಷ್ಟೇ."