ಕೃಷ್ಣನ ಪಟಕ್ಕೆ ಒಬ್ಬಟ್ಟಿನ ಕಣಕ

“ಕೋಲಾರದಿಂದ ಒಂದು ಡಬಲ್ ರೊಟ್ಟಿ ತರಿಸಿ ತಾಯಿ,” ಎಂದ ಚಿತ್ರಗಾರ. ಅತ್ತೆಯವರು ಹೌಹಾರಿದರು. “ದೇವರ ಪಟಕ್ಕೆ ಬೇಕರಿ ರೊಟ್ಟಿ ಮುಟ್ಟಿಸ್ತೀಯೇನಯ್ಯಾ?”

“ಬೆಣ್ಣೆ ಕದ್ದು ತಿಂದೋನು, ರೊಟ್ಟಿ ಬೇಡ ಅಂತಾನಾ?” ಎಂದು ಅವನು ನಕ್ಕ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಮುಳಬಾಗಿಲಿನ ನಮ್ಮ ಮನೆಯಲ್ಲಿ, ಅತ್ತೆಗೆ ಅವರ ತಾಯಿ ಕೊಟ್ಟಿದ್ದ ಬಾಲಕೃಷ್ಣನ ಪಟ ದೀಪದ ಮಸಿಯಿಂದ ಪೂರ್ತಿ ಕಪ್ಪಾಗಿತ್ತು. ಮುಖವೇ ಕಾಣದ ಪಟವನ್ನು ಕೆರೆಗೆ ಬಿಡೋಣವೆಂದು ಮಾವನವರು ಹಟ ಹಿಡಿದಿದ್ದರು; ಅತ್ತೆ ಮನಸ್ಸು ತಡೆಯದೆ ಚಿತ್ರಗಾರನನ್ನು ಕರೆಸಿದ್ದರು. ನೀರು ತಾಗಿದರೆ ಬಣ್ಣ ಹೋಗುತ್ತದೆ, ಮೆತ್ತನೆಯ ರೊಟ್ಟಿಯಿಂದ ಒತ್ತಿದರೆ ಮಸಿ ಮಾತ್ರ ಅಂಟಿ ಬರುತ್ತದೆ ಎಂದ ಚಿತ್ರಗಾರ. ಕಾನ್ವೆಂಟಿನಲ್ಲಿ ನಾವು ಇದ್ದಿಲಿನ ಗೆರೆ ಅಳಿಸುತ್ತಿದ್ದುದೂ ಹಾಗೆಯೇ ಎಂದೆ. ಅತ್ತೆ ಒಪ್ಪಲಿಲ್ಲ. ಮಡಿಯಲ್ಲಿ, ಎಣ್ಣೆ ಹಾಕದೆ, ಒಬ್ಬಟ್ಟಿನ ಕಣಕವನ್ನು ಗಟ್ಟಿಯಾಗಿ ಕಲಸಿ ತಂದುಕೊಟ್ಟರು.

ಅವನು ಅದನ್ನೇ ಒತ್ತಿ ಒತ್ತಿ ತೆಗೆದಂತೆ ಮೊದಲು ಚಿನ್ನದ ಕಿರೀಟ, ಆಮೇಲೆ ಬೆಣ್ಣೆ ಮೆತ್ತಿದ ಕೆನ್ನೆ ಕಂಡವು. ಮಾವ ಕೈ ಮುಗಿದರು. ಕೆಳಗಿನ ಮೂಲೆಯೊಂದು ಉಳಿದಿದ್ದಾಗ ಅತ್ತೆ ತಡೆದರು. “ಅಷ್ಟು ಸಾಕು ಕಣಪ್ಪಾ, ಅದನ್ನ ಬಿಡು. ಅದ್ರಲ್ಲಿ ನಮ್ಮಮ್ಮ ಹಚ್ಚಿದ ದೀಪದ ಮಸಿ ಐತೆ.”

ಈಗಲೂ ವರ್ಷಕ್ಕೊಮ್ಮೆ ಕಣಕ ಕಲಸಿ ಪಟದ ಮಸಿ ತೆಗೆಯುತ್ತೇನೆ. ಆ ಮೂಲೆಗೆ ಮಾತ್ರ ಕೈ ಹಾಕುವುದಿಲ್ಲ. ಅಲ್ಲಿ ಅತ್ತೆಯವರು ಹಚ್ಚಿದ ದೀಪದ ಮಸಿಯೂ ಸೇರಿದೆ.